ಪೋನಿ ಕೊಳ್ಳಲೋ, ಕುದುರೆ ಕೊಳ್ಳಲೋ? ಎತ್ತರ ಕಮ್ಮಿ ಇರುವ ಸವಾರರಿಗೆ ಅಳತೆಯ ಲೆಕ್ಕ

ಪ್ರಶ್ನೆ: ನನಗೆ 36 ವರ್ಷ. ಎತ್ತರ 150 ಸೆಂ.ಮೀ., ತೂಕ 48 ಕೆ.ಜಿ. ಚಿಕ್ಕವಳಿದ್ದಾಗ ಸವಾರಿ ಕಲಿತಿದ್ದೆ, ನಡುವೆ ಬಿಟ್ಟುಹೋಗಿತ್ತು, ಈಗ ಮತ್ತೆ ಶುರು ಮಾಡಿದ್ದೇನೆ. ಸವಾರಿ ಶಾಲೆಯಲ್ಲಿ ನನಗೆ ಕೊಡುವ ಕುದುರೆ 16 ಹ್ಯಾಂಡ್ (ಕುದುರೆಯ ಎತ್ತರ ಅಳೆಯುವ ಮಾನ) ಇದೆ. ಎಷ್ಟು ಕಾಲು ಒತ್ತಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಇಳಿದ ಮೇಲೆ ಸೊಂಟ ಹಿಡಿದುಕೊಂಡಿರುತ್ತದೆ. ಈಗ ಸ್ವಂತಕ್ಕೆ ಒಂದನ್ನು ಕೊಳ್ಳಬೇಕು ಅಂತಿದ್ದೇನೆ. ನನ್ನ ತರಬೇತುದಾರರು 15.2ಕ್ಕಿಂತ ಕಮ್ಮಿ ಬೇಡ, ಪೋನಿ (ಗಿಡ್ಡ ಜಾತಿಯ ಕುದುರೆ) ಇರುವುದು ಮಕ್ಕಳಿಗೆ ಅನ್ನುತ್ತಾರೆ. ಸ್ನೇಹಿತೆ 13 ಹ್ಯಾಂಡ್ ಪೋನಿ ಸಾಕು ಅನ್ನುತ್ತಾಳೆ. ವಾರಕ್ಕೆರಡು ದಿನ ಸುತ್ತಾಟ, ಸ್ವಲ್ಪ ಡ್ರೆಸಾಜ್ (ಸವಾರರ ಸೂಚನೆಗೆ ತಕ್ಕ ಹಾಗೆ ಕುದುರೆಯನ್ನು ನಡೆಸುವ ಕಲೆ), ಸಣ್ಣಪುಟ್ಟ ಜಂಪಿಂಗ್, ನನಗೆ ಬೇಕಾಗಿರುವುದು ಇಷ್ಟೇ. ಪೋನಿಗೆ ನನ್ನ ಭಾರ ಜಾಸ್ತಿ ಆಗುತ್ತಾ? ಎಷ್ಟು ಎತ್ತರದ್ದು ನೋಡಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. 13.2ರಿಂದ 14.2 ಹ್ಯಾಂಡ್ ಒಳಗಿನದನ್ನು ನೋಡಿ. ಮೈ ತೀರಾ ಅಗಲ ಇರಬಾರದು. ವಯಸ್ಸು ಆರು ದಾಟಿರಲಿ, ಚೆನ್ನಾಗಿ ಪಳಗಿರಲಿ. ಇದರ ಆಚೀಚೆ ಒಂದು ಒಳ್ಳೆಯ ಪ್ರಾಣಿ ಸಿಕ್ಕಿದರೆ ಬರೀ ಎತ್ತರದ ಕಾರಣಕ್ಕೆ ಬಿಡಬೇಡಿ. ನಿಮ್ಮ ತರಬೇತುದಾರರು, ಸ್ನೇಹಿತೆ ಇಬ್ಬರೂ ಎತ್ತರದ ಲೆಕ್ಕದಲ್ಲೇ ಮಾತಾಡುತ್ತಿದ್ದಾರೆ. ನಿಮ್ಮ ಪತ್ರ ಓದಿದರೆ ನಿಮಗೆ ಕಷ್ಟ ಕೊಡುತ್ತಿರುವುದು ಅಗಲ ಅಂತ ನನಗೆ ಅನ್ನಿಸುತ್ತದೆ. ಕಾಲು ತಾಗದೇ ಇರುವುದು, ಸೊಂಟ ಹಿಡಿಯುವುದು, ಎರಡೂ ಅದರದ್ದೇ ಗುರುತು.

ಮೊದಲು ಈ ಹ್ಯಾಂಡ್ ಲೆಕ್ಕ ಸರಿ ಮಾಡಿಕೊಳ್ಳೋಣ. ಮಾರಾಟದ ಜಾಹೀರಾತುಗಳಲ್ಲೇ ಇದು ತಪ್ಪಾಗಿ ಬರುತ್ತದೆ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು, ಸುಮಾರು 10.16 ಸೆಂ.ಮೀ. ಚುಕ್ಕಿ ಆದ ಮೇಲೆ ಬರುವ ಅಂಕಿ ಇಂಚು, ದಶಮಾಂಶ ಅಲ್ಲ. ಹಾಗಾಗಿ 14.2 ಅಂದರೆ 14 ಹ್ಯಾಂಡ್ ಮತ್ತು ಎರಡು ಇಂಚು. 14.3 ಆದ ಮೇಲೆ 15. ಯಾರಾದರೂ "14.5 ಹ್ಯಾಂಡ್" ಅಂತ ಬರೆದಿದ್ದರೆ ಅವರು ಅಳೆದೇ ಇಲ್ಲ ಅಂತ ತಿಳಿದುಕೊಳ್ಳಿ. ಅಳೆಯುವುದು ತಲೆಯವರೆಗೆ ಅಲ್ಲ. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ದಿಬ್ಬ ಇರುತ್ತದಲ್ಲ, ವಿದರ್ಸ್ ಅನ್ನುತ್ತಾರೆ, ನೆಲದಿಂದ ಅಲ್ಲಿವರೆಗೆ. ಪ್ರಾಣಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಂತಿರಬೇಕು. ಲಾಳ ಹೊಡೆದಿದ್ದರೆ ಸುಮಾರು ಒಂದು ಸೆಂ.ಮೀ. ಕಳೆಯಬೇಕು. ಸ್ಪರ್ಧೆಗಳ ಲೆಕ್ಕದಲ್ಲಿ 148 ಸೆಂ.ಮೀ.ವರೆಗೆ ಪೋನಿ, ಅದರ ಮೇಲೆ ಕುದುರೆ. ಆ ಗೆರೆ ಸ್ಪರ್ಧೆಯ ಅನುಕೂಲಕ್ಕೆ ಎಳೆದದ್ದು. 147ರದ್ದಕ್ಕೂ 149ರದ್ದಕ್ಕೂ ನಿಮ್ಮ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ.

ಈಗ ನಿಮ್ಮ ಪಕ್ಕದಲ್ಲಿ ನಿಲ್ಲಿಸಿ ನೋಡಿ. 16 ಹ್ಯಾಂಡ್ ಅಂದರೆ 162 ಸೆಂ.ಮೀ. ದಾಟುತ್ತದೆ. ಶಾಲೆಯ ಕುದುರೆಯ ಬೆನ್ನೇ ನಿಮ್ಮ ನೆತ್ತಿಗಿಂತ ಮೇಲಿದೆ. ತರಬೇತುದಾರರು ಹೇಳಿದ 15.2 ಸುಮಾರು 157. ಅದೂ ನಿಮಗಿಂತ ಎತ್ತರವೇ. 13.2 ಅಂದರೆ 137, ಹೆಚ್ಚುಕಮ್ಮಿ ನಿಮ್ಮ ಮೂಗಿನ ಮಟ್ಟ. ಕಾಗದದ ಮೇಲೆ ಪೋನಿ ಅಂತಿದ್ದರೂ ಅದು ನಿಮಗೆ ಚಿಕ್ಕ ಪ್ರಾಣಿ ಏನಲ್ಲ.

ಭಾರದ ವಿಷಯಕ್ಕೆ ಬರುತ್ತೇನೆ. ಸವಾರ, ಬಟ್ಟೆಬರೆ, ಜೀನು ಎಲ್ಲ ಸೇರಿ ಪ್ರಾಣಿಯ ತೂಕದ ಶೇ. 20 ಮೀರಬಾರದು ಅನ್ನುವುದು ಬಹಳ ಕಾಲದಿಂದ ಬಂದಿರುವ ಲೆಕ್ಕ. 2008ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ನೋಡಿದರು. ಎಂಟು ಕುದುರೆಗಳ ಮೇಲೆ ಅವುಗಳ ತೂಕದ ಶೇ. 15, 20, 25, 30ರಷ್ಟು ಭಾರ ಹೇರಿ ಓಡಿಸಿದರು. 20ರವರೆಗೆ ಅಂಥ ತೊಂದರೆ ಕಾಣಲಿಲ್ಲ. 25 ತಲುಪಿದ ಮೇಲೆ ಮೈಕೈ ನೋವು, ಸ್ನಾಯು ಬಿಗಿತ ಎದ್ದು ಕಾಣಿಸಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇತ್ತು. ಸೊಂಟದ ಭಾಗ ಅಗಲ ಇದ್ದ, ಮುಂಗಾಲಿನ ಮೊಣಕಾಲ ಕೆಳಗಿನ ಮೂಳೆ ದಪ್ಪ ಇದ್ದ ಕುದುರೆಗಳಿಗೆ ನೋವು ಕಮ್ಮಿ ಆಗಿತ್ತು. ಅಂದರೆ ಭಾರ ಹೊರುವ ಶಕ್ತಿ ಇರುವುದು ಎತ್ತರದಲ್ಲಲ್ಲ, ಮೂಳೆಯಲ್ಲಿ, ಸೊಂಟದಲ್ಲಿ.

ನಾನು 20ರವರೆಗೆ ಹೋಗುವುದಿಲ್ಲ. ಗುಡ್ಡ ಹತ್ತಿಸುವುದು, ಜಂಪ್ ಮಾಡಿಸುವುದು ಇದ್ದರೆ 17-18ರ ಒಳಗೆ ಇರಲಿ ಅನ್ನುತ್ತೇನೆ. ನಿಮ್ಮ ಲೆಕ್ಕ ಹಾಕೋಣ. ನೀವು 48 ಕೆ.ಜಿ. ಹೆಲ್ಮೆಟ್, ಬೂಟು, ಬಟ್ಟೆಗೆ 3. ಸಾಧಾರಣ ಇಂಗ್ಲಿಷ್ ಜೀನು, ಅದರ ಸ್ಟಿರಪ್ಪು (ಪಾದ ಇಡುವ ಕೊಂಡಿ), ಪಟ್ಟಿ ಸೇರಿ 7 ಅಂದುಕೊಳ್ಳಿ. ಒಟ್ಟು 58. ವೆಸ್ಟರ್ನ್ ಜೀನು ಹಾಕುತ್ತೀರಾದರೆ ಅದೊಂದೇ 12-15 ಕೆ.ಜಿ. ತೂಗಬಹುದು. ನಿಮ್ಮಂಥ ಹಗುರ ಸವಾರರು ಇದನ್ನು ಮರೆಯುವುದೇ ಜಾಸ್ತಿ.

ಪ್ರಾಣಿಯ ತೂಕ ತಿಳಿಯಲು ತಕ್ಕಡಿ ಬೇಡ, ಒಂದು ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಆಮೇಲೆ ಹೆಗಲ ಮುಂತುದಿಯಿಂದ ಪೃಷ್ಠದ ಹಿಂತುದಿವರೆಗೆ ಉದ್ದ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸೆಂ.ಮೀ.ನಲ್ಲಿ ಅಳೆದರೆ ಉತ್ತರ ಕೆ.ಜಿ.ಯಲ್ಲಿ ಬರುತ್ತದೆ. ಸುತ್ತಳತೆ 165, ಉದ್ದ 148 ಇರುವ ಪೋನಿ ಸುಮಾರು 339 ಕೆ.ಜಿ. ಇರುತ್ತದೆ. ಅದರ ಮೇಲೆ ನಿಮ್ಮ 58 ಅಂದರೆ ಶೇ. 17. ಗಟ್ಟಿಮುಟ್ಟಾದ 13.2ರ ಪೋನಿ ಹೆಚ್ಚುಕಮ್ಮಿ ಈ ತೂಕಕ್ಕೇ ಬರುತ್ತದೆ. ಹಾಗಾಗಿ ಭಾರದ ಚಿಂತೆ ಬಿಡಿ. 250 ಕೆ.ಜಿ. ತೂಗುವ 12 ಹ್ಯಾಂಡಿನದ್ದಾದರೆ ಶೇ. 23 ಆಗುತ್ತದೆ, ಅದು ಬೇಡ.

ಒಂದು ಎಚ್ಚರಿಕೆ. ಈ ಲೆಕ್ಕ ಹಾಕಬೇಕಾದ್ದು ಪ್ರಾಣಿ ಇರಬೇಕಾದ ತೂಕಕ್ಕೆ, ಇರುವ ತೂಕಕ್ಕಲ್ಲ. ಪೋನಿಗಳು ಸುಮ್ನೆ ನಿಂತು ಹುಲ್ಲು ಮೇಯ್ದರೂ ಕೊಬ್ಬುತ್ತವೆ. 50 ಕೆ.ಜಿ. ಕೊಬ್ಬು ಏರಿದ ಪೋನಿ ಇನ್ನೂ 10 ಕೆ.ಜಿ. ಜಾಸ್ತಿ ಹೊರುತ್ತದೆ ಅಂತ ಟೇಪು ಹೇಳುತ್ತದೆ. ನಿಜ ಏನೆಂದರೆ ಅದು ಆಗಲೇ 50 ಕೆ.ಜಿ. ಹೊತ್ತುಕೊಂಡಿದೆ. ಪಕ್ಕೆಯ ಮೇಲೆ ಅಂಗೈ ಇಟ್ಟು ಸವರಿ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಒತ್ತಿ ಹುಡುಕಬೇಕು ಅಂದರೆ ಕೊಬ್ಬಿದೆ. ಜೂಲಿನ ಕೆಳಗೆ ಕತ್ತಿನ ಮೇಲಂಚು ಗಟ್ಟಿಯಾಗಿ ಉಬ್ಬಿದ್ದರೆ ಇನ್ನೂ ಹುಷಾರಾಗಿರಿ. ಅಂಥವಕ್ಕೆ ಲ್ಯಾಮಿನೈಟಿಸ್ ಬರುವ ಅಪಾಯ ಜಾಸ್ತಿ. ಗೊರಸಿನ ಒಳಪದರ ಉರಿದು, ಕಾಲೂರಲು ಆಗದ ಹಾಗೆ ಮಾಡುವ ಕಾಯಿಲೆ ಅದು. ಗೊರಸಿನ ಮೇಲೆ ಅಡ್ಡಡ್ಡ ಬಳೆಗಳು ಹಿಮ್ಮಡಿಯ ಕಡೆ ಅಗಲವಾಗುತ್ತಾ ಹೋಗಿದ್ದರೆ ಹಿಂದೆ ಒಮ್ಮೆ ಬಂದು ಹೋಗಿರಬಹುದು. ಮಾರುವವರನ್ನು ನೇರವಾಗಿ ಕೇಳಿ.

ಇನ್ನು ಅಗಲ. ನಾನು ಜಾಸ್ತಿ ಹೊತ್ತು ಕೂತು ಮಾತಾಡಬೇಕಾದ ವಿಷಯ ಇದು.

ಎರಡು ಪ್ರಾಣಿ ಕಲ್ಪಿಸಿಕೊಳ್ಳಿ. ಎರಡೂ 14 ಹ್ಯಾಂಡ್. ಒಂದು ಅರಬ್ಬೀ ತಳಿಯದ್ದು. ಮುಂದಿನಿಂದ ನೋಡಿದರೆ ಎದೆ ಕಿರಿದು, ಪಕ್ಕೆ ಚಪ್ಪಟೆ. ಇನ್ನೊಂದು ಕಾಬ್ ಥರದ್ದು. ಕಾಲು ಗಿಡ್ಡ, ಎದೆ ಅಗಲ, ಪಕ್ಕೆ ಗುಂಡಗೆ ಹೊರಕ್ಕೆ ಬಂದಿದೆ. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಅಂಕಿ. ಮೊದಲನೆಯದರ ಮೇಲೆ ನೀವು ಕೂತರೆ ತೊಡೆ ಸಲೀಸಾಗಿ ಕೆಳಗಿಳಿಯುತ್ತದೆ, ಮೊಣಕಾಲು ಜೀನಿಗೆ ಆನುತ್ತದೆ, ಮೀನಖಂಡ ತಾನಾಗಿ ಪಕ್ಕೆಗೆ ತಾಗುತ್ತದೆ. ಎರಡನೆಯದರ ಮೇಲೆ ಕೂತರೆ ಡೈನಿಂಗ್ ಟೇಬಲ್ ಮೇಲೆ ಕಾಲು ಅಗಲಿಸಿ ಕೂತ ಹಾಗಾಗುತ್ತದೆ. ಮೊಣಕಾಲು ಹೊರಗೆ ಹೋಗುತ್ತದೆ. ಪಾದದ ತುದಿ ಆಚೆ ತಿರುಗುತ್ತದೆ. ತೊಡೆಸಂದಿ ಎಳೆದು ಹಿಡಿದುಕೊಳ್ಳುವುದರಿಂದ ಸೊಂಟ ಮುಂದಕ್ಕೆ ವಾಲುತ್ತದೆ, ಬೆನ್ನು ಒಳಕ್ಕೆ ಬಾಗುತ್ತದೆ. ಟ್ರಾಟಿನಲ್ಲಿ (ಕುಲುಕುತ್ತಾ ಹೋಗುವ ಸಣ್ಣ ಓಟ) ಪ್ರತಿ ಕುಲುಕೂ ಆ ಬಾಗಿದ ಜಾಗಕ್ಕೇ ಹೋಗಿ ಬೀಳುತ್ತದೆ. ಅರ್ಧ ಗಂಟೆ ಆದ ಮೇಲೆ ಸೊಂಟ ಹಿಡಿಯದೆ ಇನ್ನೇನಾಗುತ್ತದೆ?

ಉದ್ದ ಕಾಲಿನವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಪಕ್ಕೆ ಎಷ್ಟೇ ಉಬ್ಬಿದ್ದರೂ ಅವರ ಕಾಲು ಉಬ್ಬು ದಾಟಿ ಕೆಳಗೆ ಹೋಗಿ ಮತ್ತೆ ಒಳಕ್ಕೆ ಬರುತ್ತದೆ. ನಿಮ್ಮ ಕಾಲು ಉಬ್ಬಿನ ಮೇಲೇ ಮುಗಿದುಹೋಗುತ್ತದೆ. ಶಾಲೆಯ ಕುದುರೆಯ ಮೇಲೆ ಆಗುತ್ತಿರುವುದೂ ಇದೇ. ನಿಮ್ಮ ಹಿಮ್ಮಡಿ ಇರುವ ಕಡೆ ಕುದುರೆಯ ಮೈ ಇಲ್ಲ, ಜೀನಿನ ಚರ್ಮ ಇದೆ. ನೀವು ಒತ್ತುತ್ತಿರುವುದು ಆ ಚರ್ಮವನ್ನು. ಕುದುರೆ ಮೊಂಡು ಅಲ್ಲ, ನಿಮ್ಮ ಕಾಲಿನಲ್ಲಿ ಶಕ್ತಿ ಇಲ್ಲ ಅಂತಲೂ ಅಲ್ಲ. ಇದಕ್ಕೆ ಪರಿಹಾರ ಅಂತ ಕೆಲವರು ಉದ್ದದ ಚಾವಟಿ, ಸ್ಪರ್ (ಬೂಟಿನ ಹಿಮ್ಮಡಿಗೆ ಕಟ್ಟುವ ಚುಚ್ಚುಗೋಲು) ಕೈಗೆ ಕೊಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮೈಗೆ ತಾಗದ ಕಾಲಿಗೆ ಸ್ಪರ್ ಕಟ್ಟಿದರೆ ತಾಗಬಾರದಾಗ ಮಾತ್ರ ತಾಗುತ್ತದೆ.

ನೋಡಲು ಹೋದಾಗ ಹೀಗೆ ಮಾಡಿ. ಪ್ರಾಣಿ ನಿಂತಿರಲಿ, ನೀವು ಮೇಲೆ ಕೂತು ಎರಡೂ ಪಾದ ಸ್ಟಿರಪ್ಪಿನಿಂದ ತೆಗೆಯಿರಿ. ಕಾಲು ಪೂರ್ತಿ ಸಡಿಲ ಬಿಟ್ಟು ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಜೊತೆಗೆ ಬಂದವರು ಹಿಂದಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಲಿ. ಹಿಂದಿನಿಂದ ತೆಗೆಯುವವರು ಒದೆತಕ್ಕೆ ಸಿಗದಷ್ಟು ದೂರ ನಿಲ್ಲಲಿ. ಪಕ್ಕದ ಫೋಟೋದಲ್ಲಿ ನಿಮ್ಮ ಹಿಮ್ಮಡಿ ಹೊಟ್ಟೆಯ ಕೆಳಗೆರೆಗಿಂತ ಸ್ವಲ್ಪ ಮೇಲೆ ಇದ್ದರೆ ಒಳ್ಳೆಯದು. ಗೆರೆಗೆ ಸರಿಸಮ ಇದ್ದರೂ ಪರವಾಗಿಲ್ಲ. ಗೆರೆಗಿಂತ ತೀರಾ ಕೆಳಗೆ ನೇತಾಡುತ್ತಿದ್ದರೆ ಪ್ರಾಣಿ ಸಣ್ಣದಾಯಿತು. ಸೂಚನೆ ಕೊಡಬೇಕಾದಾಗಲೆಲ್ಲ ನೀವು ಹಿಮ್ಮಡಿ ಎತ್ತಬೇಕಾಗುತ್ತದೆ. ಹೊಟ್ಟೆಯ ನಡುಮಟ್ಟದಲ್ಲೇ ನಿಂತುಹೋದರೆ ದೊಡ್ಡದಾಯಿತು. ಹಿಂದಿನ ಫೋಟೋದಲ್ಲಿ ಮೊಣಕಾಲಿನಿಂದ ಕೆಳಗೆ ಕಾಲು ಒಳಕ್ಕೆ ಇಳಿದಿದೆಯಾ, ಹೊರಕ್ಕೆ ಚಾಚಿದೆಯಾ ನೋಡಿ. ಹೊರಕ್ಕೆ ಚಾಚಿದ್ದರೆ ಆ ಪ್ರಾಣಿ 13 ಹ್ಯಾಂಡೇ ಇರಲಿ, ನಿಮಗೆ ದೊಡ್ಡದೇ. ಕೂತ ಆ ಎರಡು ನಿಮಿಷದಲ್ಲಿ ತೊಡೆಸಂದಿ ಎಳೆಯಲು ಶುರುವಾದರೆ ಫೋಟೋ ಕೂಡ ಬೇಕಾಗಿಲ್ಲ.

ಹಾಗಂತ ತೀರಾ ಕಿರಿದಾದದ್ದೂ ಬೇಡ. ಎದೆಗೂಡು ಕಿರಿದಾಗಿ ಕಾಲು ಉದ್ದ ಇರುವವು ನಡೆಯುವಾಗ ಜೀನು ಅತ್ತಿತ್ತ ಜರುಗುತ್ತದೆ, ಸಮತೋಲ ಸಿಗುವುದು ಕಷ್ಟ. ನಡುವಿನ ಅಗಲ ಹುಡುಕಿ.

ತಳಿಗಳ ಮಾತು ಬಂದೇ ಬರುತ್ತದೆ, ಹೇಳಿಬಿಡುತ್ತೇನೆ. ನಿಮ್ಮ ಅಳತೆಗೆ ನನ್ನ ಮೊದಲ ಆಯ್ಕೆ ಕನ್ನೆಮಾರಾ. ಐರ್ಲೆಂಡಿನ ಪೋನಿ, 148 ಸೆಂ.ಮೀ. ದಾಟುವುದಿಲ್ಲ. ಮೂಳೆ ಗಟ್ಟಿ, ಹೆಗಲು ಚೆನ್ನಾಗಿ ಇಳಿಜಾರಾಗಿರುತ್ತದೆ, ಪಕ್ಕೆ ಅತಿ ಗುಂಡಗೆ ಇರುವುದಿಲ್ಲ, ಜಂಪ್ ಚೆನ್ನಾಗಿ ಮಾಡುತ್ತದೆ. ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪೋನಿಯೂ ಅದೇ ಎತ್ತರದ ಮಿತಿಯಲ್ಲಿದೆ, ಸ್ವಭಾವ ನಿಧಾನ. ವೆಲ್ಶ್ ತಳಿಯಲ್ಲಿ ಸಿ ವಿಭಾಗದವು 13.2ರ ಒಳಗೆ, ಡಿ ವಿಭಾಗದವು ಅದಕ್ಕಿಂತ ಎತ್ತರ. ಚುರುಕು ಜಾಸ್ತಿ, ಅಗಲ ಒಂದೊಂದರಲ್ಲಿ ಒಂದೊಂದು ಥರ. ನಾರ್ವೆಯ ಫ್ಯೋರ್ಡ್, ಆಸ್ಟ್ರಿಯಾ-ಇಟಲಿ ಗಡಿಯ ಬೆಟ್ಟಗಳ ಹಾಫ್ಲಿಂಗರ್, ಸ್ಕಾಟ್ಲೆಂಡಿನ ಹೈಲ್ಯಾಂಡ್, ಇವು ಭಾರಕ್ಕೆ ಎತ್ತಿದ ಕೈ. ಆದರೆ ಬಹುಪಾಲು ಅಗಲ. 13.3 ಅಂತ ಓದಿ ಖುಷಿಯಾಗಿ ಹೋಗಿ, ಕೂತ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಬಂದವರು ಬೇಕಾದಷ್ಟು ಜನ. ಐಸ್‌ಲ್ಯಾಂಡಿನವು 13ರಿಂದ 14 ಹ್ಯಾಂಡ್ ಇರುತ್ತವೆ. ಅಲ್ಲಿ ಆರಡಿ ಆಳುಗಳೂ ಅವುಗಳನ್ನೇ ಹತ್ತುತ್ತಾರೆ. ಅವುಗಳಿಗೆ ಟೋಲ್ಟ್ ಅನ್ನುವ ಒಂದು ನಡೆ ಇದೆ, ಕುಲುಕೇ ಇಲ್ಲದೆ ವೇಗವಾಗಿ ಹೋಗುತ್ತವೆ. ಸೊಂಟ ನೋವಿನವರಿಗೆ ವರದಾನ. ಜಂಪಿಂಗ್ ನಿಮಗೆ ಮುಖ್ಯ ಅಂದರೆ ಮಾತ್ರ ಅದು ಬೇಡ. ಅರಬ್ಬೀ, ಕಾಠಿಯಾವಾಡಿಯಂಥವು 14ರಿಂದ 15ರ ಆಸುಪಾಸು ಇದ್ದು ಮೈ ಕಿರಿದಾಗಿರುವುದರಿಂದ ನಿಮ್ಮ ಕಾಲಿಗೆ ಚೆನ್ನಾಗಿ ಹೊಂದುತ್ತವೆ. ಸ್ವಭಾವ ಸ್ವಲ್ಪ ಬಿಸಿ. ಕೈ ಹಗುರ ಇದ್ದವರಿಗೆ ಅದೇನೂ ತೊಂದರೆ ಅಲ್ಲ. ಇನ್ನು ಯಾವ ತಳಿಯದ್ದೂ ಅಲ್ಲದ ಮಿಶ್ರ ಪೋನಿಗಳಿವೆ. ಅವುಗಳಲ್ಲಿ ಒಳ್ಳೆಯವು ಸಿಗುತ್ತವೆ. ಕಾಗದ ಇಲ್ಲ ಅಂತ ತಳ್ಳಿಹಾಕಬೇಡಿ.

ಪೋನಿ ಇರುವುದು ಮಕ್ಕಳಿಗೆ ಅನ್ನುವ ಮಾತಿಗೆ ಬಹಳ ಉತ್ತರ ಬೇಕಾಗಿಲ್ಲ. ಮಂಗೋಲಿಯಾದಲ್ಲಿ ದನ ಕುರಿ ಕಾಯುವವರು 12ರಿಂದ 14 ಹ್ಯಾಂಡಿನ ಕುದುರೆಗಳ ಮೇಲೆ ಜೀವನವಿಡೀ ಸವಾರಿ ಮಾಡುತ್ತಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಮೇರಿಯನ್ ಕೋಕ್ಸ್ ಅನ್ನುವ ಬ್ರಿಟಿಷ್ ಯುವತಿ ಸ್ಟ್ರೋಲರ್ ಎಂಬ ಪೋನಿಯ ಮೇಲೆ ಶೋ ಜಂಪಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ಸುತ್ತ ಇದ್ದವೆಲ್ಲ ದೊಡ್ಡ ಕುದುರೆಗಳೇ. 2007ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಅಮೆರಿಕದ ಕ್ಯಾರೆನ್ ಓ'ಕಾನರ್ ಈವೆಂಟಿಂಗ್ (ಡ್ರೆಸಾಜ್, ಬಯಲಿನ ಓಟ, ಜಂಪಿಂಗ್ ಮೂರೂ ಸೇರಿದ ಸ್ಪರ್ಧೆ) ಚಿನ್ನ ಗೆದ್ದದ್ದು ಥಿಯೊಡೋರ್ ಓ'ಕಾನರ್ ಅನ್ನುವ, ಎಲ್ಲರೂ ಟೆಡ್ಡಿ ಅಂತ ಕರೆಯುತ್ತಿದ್ದ ಪೋನಿಯ ಮೇಲೆ. ಆಗ ಅವರಿಗೆ ನಲವತ್ತು ದಾಟಿತ್ತು. ನೀವು ಮಾಡಲಿರುವ ಸಣ್ಣಪುಟ್ಟ ಜಂಪಿಗೆ 14 ಹ್ಯಾಂಡ್ ಸಾಲುವುದಿಲ್ಲ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ತರಬೇತುದಾರರ ಪರವಾಗಿಯೂ ಒಂದು ಮಾತು ಹೇಳಬೇಕು. ದೊಡ್ಡ ಕುದುರೆಯನ್ನು ಸಣ್ಣ ಆಳು ಓಡಿಸಲಾರರು ಅಂತೇನಿಲ್ಲ. ರೇಸಿನ ಜಾಕಿಗಳು 50 ಕೆ.ಜಿ. ಆಸುಪಾಸಿನವರು, ಅವರು ಕೂರುವುದು 16 ಹ್ಯಾಂಡಿನ ಥರೋಬ್ರೆಡ್ ಅನ್ನುವ ರೇಸಿನ ತಳಿಯ ಮೇಲೆ. ಆದರೆ ಅವರು ಸ್ಟಿರಪ್ಪು ಗಿಡ್ಡ ಮಾಡಿ, ಜೀನಿಗೆ ಕೂರದೆ ಎದ್ದು ನಿಂತು ಓಡಿಸುತ್ತಾರೆ. ಕೆಳಗೆ ಇಳಿದರೆ ಹಿಡಿಯಲು ಜನ ಇರುತ್ತಾರೆ. ಡ್ರೆಸಾಜಿನಲ್ಲೂ ಗಿಡ್ಡ ಸವಾರರು ದೊಡ್ಡ ಕುದುರೆಗಳ ಮೇಲೆ ಚೆನ್ನಾಗಿ ಮಾಡುತ್ತಾರೆ, ಅವರ ಕುದುರೆಗಳು ಬಹಳ ಸೂಕ್ಷ್ಮವಾಗಿ ಪಳಗಿರುತ್ತವೆ. ನೀವು ಒಬ್ಬರೇ ಹಿಡಿದು, ಒಬ್ಬರೇ ಜೀನು ಹಾಕಿ, ಒಬ್ಬರೇ ಸುತ್ತಾಡಲು ಹೋಗುವವರು. ಲೆಕ್ಕ ಬೇರೆ.

ಆ ಒಬ್ಬರೇ ಅನ್ನುವುದನ್ನು ಜನ ಮರೆಯುತ್ತಾರೆ. ಸವಾರಿ ಒಂದು ಗಂಟೆ ಇದ್ದರೆ ಕೆಳಗಿನ ಕೆಲಸ ಇನ್ನೊಂದು ಗಂಟೆ. 7 ಕೆ.ಜಿ. ಜೀನನ್ನು ನಿಮ್ಮ ತಲೆಗಿಂತ ಮೇಲೆ ಎತ್ತಿ, ಬೆನ್ನಿನ ಮೇಲೆ ಮೆತ್ತಗೆ ಇಳಿಸಬೇಕು. ಎತ್ತರ ಸಾಲದಿದ್ದಾಗ ಎಲ್ಲರೂ ಮಾಡುವುದು ಎಸೆಯುವುದು. ದಿನಾ ಬೆನ್ನಿಗೆ ಧೊಪ್ಪಂತ ಬಿದ್ದರೆ ಯಾವ ಕುದುರೆ ತಾನೇ ಜೀನು ನೋಡಿ ಕಿವಿ ಹಿಂದೆ ಮಾಡುವುದಿಲ್ಲ? ಕಡಿವಾಣ ಹಾಕುವಾಗ 16 ಹ್ಯಾಂಡಿನದು ತಲೆ ಎತ್ತಿಬಿಟ್ಟರೆ ನಿಮ್ಮ ಕೈಗೆ ಗದ್ದ ಮಾತ್ರ ಸಿಗುತ್ತದೆ. ದಾರಿಯಲ್ಲಿ ಏನೋ ಆಗಿ ಇಳಿದರೆ ಮತ್ತೆ ಹತ್ತಲು ಕಲ್ಲೋ ಕಟ್ಟೆಯೋ ಹುಡುಕಿಕೊಂಡು ನಡೆಯಬೇಕು. 14 ಹ್ಯಾಂಡಿನ ಒಳಗಿದ್ದರೆ ಇದೆಲ್ಲ ಅರ್ಧ ಕಮ್ಮಿ ಆಗುತ್ತದೆ. ಆದರೂ ಲಾಯದಲ್ಲಿ ಹತ್ತುವಾಗ ಸ್ಟೂಲು ಇಟ್ಟುಕೊಂಡೇ ಹತ್ತಿ. ನೆಲದಿಂದ ಹತ್ತಿದರೆ ಜೀನು ಒಂದೇ ಕಡೆಗೆ ಎಳೆದು ವಿದರ್ಸ್ ಮೇಲೆ ಒತ್ತುತ್ತದೆ. ಅದು ಪ್ರಾಣಿಯ ಒಳ್ಳೆಯದಕ್ಕೆ, ನಾಚಿಕೊಳ್ಳುವ ವಿಷಯ ಅಲ್ಲ.

ಹಾಗೆಯೇ, ಪೋನಿ ಅಂದರೆ ಬಲ ಕಮ್ಮಿ ಅಂದುಕೊಳ್ಳಬೇಡಿ. 340 ಕೆ.ಜಿ. ಪ್ರಾಣಿ ಹುಲ್ಲು ಕಂಡ ಕಡೆಗೆ ತಲೆ ಹಾಕಿದರೆ 48 ಕೆ.ಜಿ.ಯ ನಿಮ್ಮನ್ನು ಹಗ್ಗದ ಸಮೇತ ಎಳೆದುಕೊಂಡು ಹೋಗುತ್ತದೆ. ಪೋನಿಗಳು ಜಾಣ. ಮಕ್ಕಳ ಕೈಯಲ್ಲಿ ಬೆಳೆದವಕ್ಕೆ ಯಾರನ್ನು ಎಷ್ಟು ಆಡಿಸಬಹುದು ಅಂತ ಚೆನ್ನಾಗಿ ಗೊತ್ತಿರುತ್ತದೆ. ಗೇಟಿನ ಹತ್ತಿರ ನಿಂತುಬಿಡುವುದು, ಮೂಲೆಯಲ್ಲಿ ಹೆಗಲು ಒಳಕ್ಕೆ ಹಾಕುವುದು, ತಲೆ ಕೆಳಗೆ ಹಾಕಿ ಲಗಾಮು ಕಿತ್ತುಕೊಳ್ಳುವುದು. ಇವೆಲ್ಲ ಕೆಟ್ಟ ಗುಣ ಅಲ್ಲ, ಕಲಿಸಿದವರು ಚಿಕ್ಕವರಿದ್ದರು ಅಷ್ಟೇ. ನಿಮ್ಮಂಥ ದೊಡ್ಡವರ ಕೈಗೆ ಬಂದರೆ ಬಹಳ ಪೋನಿಗಳು ಬೇಗ ಸುಧಾರಿಸುತ್ತವೆ. ನೀವು ಈಗಷ್ಟೇ ಮರಳಿ ಶುರು ಮಾಡಿರುವುದರಿಂದ ಒಂದೆರಡು ಚಾಳಿ ಇದ್ದರೆ ಸರಿ, ಎಲ್ಲ ಇದ್ದರೆ ಬೇಡ.

ಇದಕ್ಕೆ ಹೊಂದಿಕೊಂಡ ಹಾಗೆ ಒಂದು ಬಲೆ ಇದೆ. ಹಗುರಾದ ದೊಡ್ಡವರು ಸಿಕ್ಕರೆ ಎಳೆ ಪೋನಿಗಳನ್ನು ತಂದು ತೋರಿಸುವವರು ಜಾಸ್ತಿ. "ಮೂರು ವರ್ಷದ್ದು, ಮಕ್ಕಳ ಕೈಗೆ ಕೊಡಲಾಗದು, ದೊಡ್ಡವರ ಭಾರ ತಡೆಯದು, ನಿಮಗೆ ಹೇಳಿ ಮಾಡಿಸಿದ ಹಾಗಿದೆ" ಅಂತ ಶುರು ಮಾಡುತ್ತಾರೆ. ಒಪ್ಪಬೇಡಿ. ಕುದುರೆಯ ಬೆನ್ನುಮೂಳೆ ಐದಾರು ವರ್ಷದವರೆಗೂ ಬಲಿಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಏನೂ ಕಲಿಯದ ಪ್ರಾಣಿ, ಕಲಿಕೆಯನ್ನು ಈಗಷ್ಟೇ ನೆನಪು ಮಾಡಿಕೊಳ್ಳುತ್ತಿರುವ ಸವಾರ, ಈ ಜೋಡಿ ಚೆನ್ನಾಗಿರುವುದಿಲ್ಲ.

ನಡೆಯ ಬಗ್ಗೆಯೂ ತಿಳಿದಿರಲಿ. ಪೋನಿಯ ಹೆಜ್ಜೆ ಗಿಡ್ಡ, ಟ್ರಾಟ್ ಚುರುಕು. ದೊಡ್ಡ ಕುದುರೆಯಿಂದ ಇಳಿದು ಹತ್ತಿದರೆ ಮೊದಲ ದಿನ ಏಳುವುದು ಕೂರುವುದು ತಾಳ ತಪ್ಪುತ್ತದೆ. ಒಂದೆರಡು ವಾರಕ್ಕೆ ಸರಿಹೋಗುತ್ತದೆ. ಬದಲಿಗೆ ಸಿಗುವ ಲಾಭ ಏನೆಂದರೆ, ದೊಡ್ಡ ಹೆಜ್ಜೆಯ ಕುದುರೆ ಹಗುರ ಸವಾರರನ್ನು ಜೀನಿನಿಂದ ಮೇಲಕ್ಕೆ ಎಸೆಯುವಷ್ಟು ಇದು ಎಸೆಯುವುದಿಲ್ಲ. ಜಂಪಿಂಗ್‌ನಲ್ಲಿ ಮಾತ್ರ ಒಂದು ತೊಡಕಿದೆ. ಎರಡು ಬೇಲಿಗಳ ನಡುವಿನ ಅಂತರವನ್ನು ಸಾಮಾನ್ಯವಾಗಿ ಕುದುರೆಯ ಕ್ಯಾಂಟರ್ (ಟ್ರಾಟಿಗಿಂತ ವೇಗದ ಓಟ) ಹೆಜ್ಜೆಗೆ, ಅಂದರೆ ಸುಮಾರು 3.6 ಮೀಟರಿಗೆ ಲೆಕ್ಕ ಹಾಕಿರುತ್ತಾರೆ. ಪೋನಿಯ ಹೆಜ್ಜೆ 3 ಮೀಟರ್ ಆಸುಪಾಸು. ಅಭ್ಯಾಸಕ್ಕೆ ಅಂತರ ಬದಲಾಯಿಸಿಕೊಳ್ಳಬಹುದು. ಸ್ಪರ್ಧೆಯಲ್ಲಿ ಒಂದು ಹೆಜ್ಜೆ ಜಾಸ್ತಿ ಹಾಕಿಸಿ ದಾಟಿಸಬೇಕು. ಸ್ಪರ್ಧೆ ಅಂದ ಮೇಲೆ ಇದನ್ನೂ ಕೇಳಿ: ಪೋನಿ ವಿಭಾಗ ಅಂತ ಇರುವುದು ಬಹುತೇಕ ಕಡೆ ಮಕ್ಕಳಿಗೇ. ಅಂತರರಾಷ್ಟ್ರೀಯ ಮಟ್ಟದಲ್ಲಿ ಅದು 12ರಿಂದ 16 ವಯಸ್ಸಿನವರದ್ದು. ನೀವು ನಿಮ್ಮ ಪೋನಿಯನ್ನು ಕುದುರೆಗಳ ಜೊತೆಗೇ ಇಳಿಸಬೇಕಾಗುತ್ತದೆ. ಹೆಸರು ಕೊಡುವ ಮುಂಚೆ ನಿಯಮ ಓದಿಕೊಳ್ಳಿ.

ಜೀನಿನ ವಿಚಾರ ಕೊಳ್ಳುವ ಮುಂಚೆಯೇ ಯೋಚಿಸಿ, ಆಮೇಲಲ್ಲ. ಪೋನಿಯ ಬೆನ್ನು ಗಿಡ್ಡ. ಜೀನು ಕೊನೆಯ ಪಕ್ಕೆಲುಬು ದಾಟಿ ಹಿಂದೆ ಹೋಗಬಾರದು, ಅಲ್ಲಿಂದಾಚೆ ಭಾರ ತಡೆಯಲು ಕೆಳಗೆ ಎಲುಬಿನ ಆಸರೆ ಇಲ್ಲ. ಕೈಬೆರಳಿನಿಂದ ಕೊನೆಯ ಪಕ್ಕೆಲುಬು ಹುಡುಕಿ, ಅದರ ಗೆರೆ ಹಿಡಿದು ಮೇಲಕ್ಕೆ ಬನ್ನಿ. ಅದು ಬೆನ್ನು ಸೇರುವ ಕಡೆ ಜೀನು ಮುಗಿದಿರಬೇಕು. ನಿಮ್ಮ ಅಳತೆಗೆ 16 ಅಥವಾ 16.5 ಇಂಚಿನ ಸೀಟು ಸಾಕಾಗಬಹುದು, ಹಾಗಾಗಿ ಜಾಗ ಸಾಲದೆ ಹೋಗುವುದು ಅಪರೂಪ. ಉದ್ದ ಕಾಲಿನವರಿಗೆ ಈ ಅನುಕೂಲ ಇಲ್ಲ ನೋಡಿ. ಪಕ್ಕದ ಚರ್ಮ ಗಿಡ್ಡ ಇರುವುದನ್ನು ಕೇಳಿ, ಆಗ ನಿಮ್ಮ ಮೀನಖಂಡ ಮೈಗೆ ತಾಗುತ್ತದೆ. ತೊಡೆಯ ಕೆಳಗೆ ಸೀಟು ಕಿರಿದಾಗಿರುವ ಜೀನುಗಳಿವೆ, ಸ್ವಲ್ಪ ಅಗಲದ ಪೋನಿಯನ್ನೂ ಅವು ಸಹಿಸುವ ಹಾಗೆ ಮಾಡುತ್ತವೆ. ಆದರೆ ಒಳಗಿನ ಚೌಕಟ್ಟು ಪೋನಿಯ ಬೆನ್ನಿಗೆ ಸರಿಯಾಗಿ ಕೂರಬೇಕು, ನಿಮ್ಮ ಸುಖಕ್ಕೆ ಅದನ್ನು ಕಿರಿದು ಮಾಡುವ ಹಾಗಿಲ್ಲ. ಮಕ್ಕಳ ಜೀನು ತರಬೇಡಿ. ನೀವು ಗಿಡ್ಡ ಇರಬಹುದು, ನಿಮ್ಮ ಸೊಂಟ ದೊಡ್ಡವರದ್ದು. ಬೆನ್ನು ಗುಂಡಗಿದ್ದು ವಿದರ್ಸ್ ತಗ್ಗಾಗಿದ್ದರೆ ಜೀನು ಕತ್ತಿನ ಕಡೆ ಜಾರುತ್ತದೆ. ಸವಾರಿ ಮಾಡಿ ನೋಡುವಾಗ ಇಳಿಜಾರಿನಲ್ಲಿ ಒಮ್ಮೆ ಇಳಿಸಿ ನೋಡಿ, ಗೊತ್ತಾಗುತ್ತದೆ. ಸ್ಟಿರಪ್ಪು ನಿಮ್ಮ ಬೂಟಿಗಿಂತ ಒಟ್ಟು ಎರಡೂವರೆ ಸೆಂ.ಮೀ. ಅಗಲ ಇದ್ದರೆ ಸಾಕು. ಅದಕ್ಕಿಂತ ಕಮ್ಮಿ ಇದ್ದರೆ ಬಿದ್ದಾಗ ಪಾದ ಸಿಕ್ಕಿಕೊಳ್ಳುತ್ತದೆ, ತೀರಾ ಜಾಸ್ತಿ ಇದ್ದರೆ ಪಾದ ಪೂರ್ತಿ ಒಳಗೆ ಜಾರುತ್ತದೆ.

ಬಿದ್ದರೆ ಪೆಟ್ಟು ಕಮ್ಮಿ ಅನ್ನುವ ಕಾರಣಕ್ಕೆ ಪೋನಿ ತೆಗೆದುಕೊಳ್ಳುವವರೂ ಇದ್ದಾರೆ. ನೆಲ ಹತ್ತಿರ ಇರುವುದು ನಿಜ. ಆದರೆ ಪೋನಿಗಳು ಗಕ್ಕನೆ ತಿರುಗುತ್ತವೆ, ಮುಂದೆ ಹಿಡಿದುಕೊಳ್ಳಲು ಕತ್ತೂ ಗಿಡ್ಡ. ಗಾಬರಿ ಬೀಳದ ಸ್ವಭಾವದ್ದನ್ನು ಆರಿಸಿಕೊಂಡರೆ ಅದು ಎತ್ತರಕ್ಕಿಂತ ಹೆಚ್ಚು ನಿಮ್ಮನ್ನು ಕಾಪಾಡುತ್ತದೆ.

ನೋಡಲು ಹೋಗುವಾಗ ಎರಡು ಸಲ ಹೋಗಿ. ಮೊದಲ ಸಲ ಮಾರುವವರೇ ಓಡಿಸಿ ತೋರಿಸಲಿ, ಆಮೇಲೆ ನೀವು ಹತ್ತಿ. ಎರಡನೇ ಸಲ ಪ್ರಾಣಿಯನ್ನು ಮುಟ್ಟದೆ ಹಾಗೇ ಬಿಟ್ಟಿರಲು ಮುಂಚೆಯೇ ಹೇಳಿ. ನೀವೇ ಹೋಗಿ ಹಿಡಿಯಿರಿ, ನಾಲ್ಕೂ ಗೊರಸು ಎತ್ತಿ ನೋಡಿ, ಮೈ ಉಜ್ಜಿ, ಜೀನು ಕಡಿವಾಣ ನೀವೇ ಹಾಕಿ. ಎಲ್ಲಿಯಾದರೂ ನಿಮ್ಮ ಕೈ ಎಟುಕದೆ ಬೇರೆಯವರನ್ನು ಕರೆಯಬೇಕಾಯಿತಾ ಅನ್ನುವುದನ್ನು ಗಮನಿಸಿ. ಕನಿಷ್ಠ ಮುಕ್ಕಾಲು ಗಂಟೆ ಮೇಲೆ ಕೂತಿರಿ, ಹತ್ತು ನಿಮಿಷಕ್ಕೆ ಸೊಂಟ ಏನೂ ಹೇಳುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಹೇಗಿದೆ ನೋಡಿಕೊಂಡು ಆಮೇಲೆ ಮಾತು ಕೊಡಿ. ಹಣ ಕೊಡುವ ಮುಂಚೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಮಾರುವವರ ಕಡೆಯ ವೈದ್ಯರು ಬೇಡ. ಗೊರಸು, ಬೆನ್ನು ಎರಡನ್ನೂ ಗಮನಿಸಿ ನೋಡಲು ಹೇಳಿ.

ಎರಡರ ನಡುವೆ ಗೊಂದಲ ಬಿದ್ದರೆ ಆ ಹಿಂದಿನ ಫೋಟೋ, ಪಕ್ಕದ ಫೋಟೋ, ಜೊತೆಗೆ ಸುತ್ತಳತೆ ಮತ್ತು ಉದ್ದ ಬರೆದು ನನಗೆ ಕಳಿಸಿ. ಎತ್ತರ ಬರೆಯದಿದ್ದರೂ ನಡೆಯುತ್ತದೆ.